ಅಣ್ಣನ ದನಿ ನಿಂತ ಎರಡು ದಿನ

ರಿಪೇರಿ ಅಂಗಡಿಯ ಅಕ್ಕ ಲ್ಯಾಪ್‌ಟಾಪಿನ ಗುಂಡಿಯನ್ನು ಒತ್ತಿ ಹಿಡಿದು, ತುಟಿಯಲ್ಲೇ ಮೂವತ್ತರವರೆಗೆ ಎಣಿಸಿದಳು. ಲೈಟು ಹತ್ತಲಿಲ್ಲ. ಫ್ಯಾನು ತಿರುಗಲಿಲ್ಲ.

ಕೌಂಟರಿನ ಈಚೆ ಅಮ್ಮ ನಿಂತಿದ್ದಳು. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಅಣ್ಣ. ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಅವನ ಹಿಂದೆ ತಂಗಿ. ಐದನೇ ಕ್ಲಾಸಿನ ಈ ಹುಡುಗಿ ಒಂದು ನಿಮಿಷವೂ ಬಾಯಿ ಮುಚ್ಚಿದವಳಲ್ಲ. ಅದಕ್ಕೇ ಎಲ್ಲರೂ ಮಾತಿನಮಲ್ಲಿ ಎನ್ನುತ್ತಿದ್ದರು, ಕರೆಯುವಾಗ ಬರೀ ಮಲ್ಲಿ. ಆದರೆ ಎರಡು ದಿನದಿಂದ ಮಲ್ಲಿಯ ಬಾಯಿಗೆ ಬೀಗ ಬಿದ್ದಿತ್ತು.

ಅಣ್ಣನಿಗೆ ಹುಟ್ಟಿನಿಂದ ಮಾತು ಬರದು. ಒಂದೇ ಬೆರಳಿನಲ್ಲಿ ನಿಧಾನವಾಗಿ ಟೈಪ್ ಮಾಡುತ್ತಾನೆ. ಲ್ಯಾಪ್‌ಟಾಪ್ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದು ಕೆಟ್ಟ ಮೇಲೆ ನೀರು ಬೇಕಾ, ಬೆನ್ನು ನೋಯ್ತಿದೆಯಾ ಎಂದು ಅಮ್ಮ ಒಂದೊಂದೇ ಕೇಳಬೇಕು, ಅವನು ತಲೆಯಾಡಿಸಬೇಕು. ನಿನ್ನೆ ಊಟಕ್ಕೆ ಕೂತಾಗ ಏನನ್ನೋ ಹೇಳಲು ಅವನು ಬಹಳ ಹೊತ್ತು ಒದ್ದಾಡಿದ. ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ಸುಮ್ಮನೆ ತಟ್ಟೆ ನೋಡುತ್ತಾ ಕೂತ. ಮಲ್ಲಿ ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು.

ಅಕ್ಕ ಚಾರ್ಜರಿಗೆ ಮೀಟರ್ ಹಿಡಿದು ನೋಡಿದಳು. ಅದು ಸರಿಯಾಗಿಯೇ ಇತ್ತು. ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚಿ ಮೂಸಿದಳು. ಸುಟ್ಟ ವಾಸನೆ. ಮನೆಯಲ್ಲಿ ಏನಾಯಿತೆಂದು ಕೇಳಿದಳು. ಮೊನ್ನೆ ಕರೆಂಟು ಹೋಗಿ ಬಂದಿತ್ತು, ಅದರಿಂದಲೇ ಇರಬೇಕು ಎಂದಳು ಅಮ್ಮ.

“ಹಾಗಿದ್ರೆ ಮೊದಲು ಚಾರ್ಜರ್ ಹೋಗ್ಬೇಕಿತ್ತಲ್ಲಮ್ಮ. ಕರೆಂಟು ಎಲ್ಲಿಂದ ಹೊಡೀತು ಅಂತ ಗೊತ್ತಾಗದಿದ್ರೆ ಇಡೀ ಬೋರ್ಡ್ ಜಾಲಾಡ್ಬೇಕು. ಹದಿನೈದು ದಿನ ಆಗುತ್ತೆ.”

ಹದಿನೈದು ದಿನ. ಮಲ್ಲಿ ಅಣ್ಣನ ಕಡೆ ನೋಡಿದಳು.

“ನಾನು ಪ್ರಿಂಟರ್ ಚಾರ್ಜರ್ ಹಾಕಿದ್ದೆ,” ಎಂದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ಬ್ಯಾಟರಿ ಖಾಲಿಯಾಗಿತ್ತು, ಗೇಮ್ ಇನ್ನೂ ಮುಗಿದಿರ್ಲಿಲ್ಲ. ಇದರ ಚಾರ್ಜರ್ ಬೇರೆ ರೂಮಲ್ಲಿತ್ತು. ಪ್ರಿಂಟರ್‌ದು ಪಿನ್ ಸರಿಯಾಗಿ ಕೂತ್ಕೊಳ್ತು. ಆಮೇಲೆ ಟಪ್ ಅಂತು.”

ಅಮ್ಮ ತಿರುಗಿ ನೋಡಿದಳು. ಬೈಯಲಿಲ್ಲ. ಆ ನೋಟಕ್ಕಿಂತ ಬೈಗುಳವೇ ವಾಸಿಯಿತ್ತು.

ಅಕ್ಕ ಆಗಲೇ ಬಗ್ಗಿ ಪಿನ್ ಸಿಕ್ಕಿಸುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದಳು. ಅದರ ಪಕ್ಕದಲ್ಲೇ ಎಳ್ಳಿನಷ್ಟು ಚಿಕ್ಕ ಫ್ಯೂಸು. ತಪ್ಪು ಚಾರ್ಜರಿನಿಂದ ಕರೆಂಟು ಹೆಚ್ಚಾದರೆ ತಾನು ಸುಟ್ಟುಹೋಗಿ ಉಳಿದದ್ದನ್ನು ಕಾಯುವಂಥದ್ದು. ಮೀಟರಿನ ಕಡ್ಡಿ ಮುಟ್ಟಿಸಿ, ಹೋಗಿರುವುದು ಇದೇ ಎಂದಳು. ಅವತ್ತೇ ಹೇಳಿ ತಂದಿದ್ದರೆ ಮೊನ್ನೆಯೇ ಸರಿಹೋಗುತ್ತಿತ್ತು ಎಂದೂ ಸೇರಿಸಿದಳು.

ಹೊಸ ಫ್ಯೂಸು ಕೂರಿಸಲು ಅರ್ಧ ಗಂಟೆ ಹಿಡಿಯಿತು. ಅದರದೇ ಚಾರ್ಜರ್ ಸಿಕ್ಕಿಸಿದಾಗ ಸ್ಕ್ರೀನು ಬೆಳಗಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಲ್ಯಾಪ್‌ಟಾಪನ್ನು ಅಣ್ಣನ ಕುರ್ಚಿಯ ಹಲಗೆಯ ಮೇಲಿಟ್ಟು ಅಮ್ಮ ಅಕ್ಕನ ಜೊತೆ ಮಾತಿಗೆ ನಿಂತಳು. ಮಲ್ಲಿ ಅಣ್ಣನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

“ಸಾರಿ ಕಣೋ,” ಎಂದಳು.

ಅಣ್ಣ ಮೊದಲು ಸದ್ದು ತಗ್ಗಿಸಿದ. ಆಮೇಲೆ ಒಂದೊಂದೇ ಅಕ್ಷರ ಒತ್ತಿದ. ಅವಳಿಗಷ್ಟೇ ಕೇಳುವಂತೆ ಲ್ಯಾಪ್‌ಟಾಪ್ ಹೇಳಿತು:

“ಅವತ್ತೇ ನೋಡಿದ್ದೆ.”

ಮಲ್ಲಿ ಬೆಚ್ಚಿದಳು. ಚಾರ್ಜರ್ ಸಿಕ್ಕಿಸುವಾಗ ಅವನಿಗೆ ನಿದ್ದೆ ಬಂದಿದೆ ಎಂದೇ ಅವಳು ತಿಳಿದಿದ್ದಳು.

ತಂಗಿಯತ್ತ ಬೆರಳು ಮಾಡಿ ತೋರಿಸಲು ಅಣ್ಣನಿಗೆ ಲ್ಯಾಪ್‌ಟಾಪ್ ಬೇಕಿರಲಿಲ್ಲ. ಎರಡು ದಿನವೂ ಅವನು ತೋರಿಸಿರಲಿಲ್ಲ.