ಪಕ್ಕದ ಸೀಟಿನವಳು

"ಸೀಟು ಹಿಂದಕ್ಕೆ ತಳ್ಳಿ. ಮೊಣಕಾಲು ಸ್ಟಿಯರಿಂಗಿಗೆ ತಾಗ್ತಿದೆ," ಎಂದು ತಾನು ನೆಲೆಸಿದ್ದ ಪರದೇಶದ ಭಾಷೆಯಲ್ಲಿ ಹೇಳಿ, ಅವಳು ಕನ್ನಡಿ ಸರಿಮಾಡಲು ಕೈಯೆತ್ತಿದಳು.

ಡ್ರೈವಿಂಗ್ ಕಲಿಯಲು ಬಂದ ಹೊಸ ವಿದ್ಯಾರ್ಥಿ ಸೀಟು ತಳ್ಳಲಿಲ್ಲ. ಅವಳನ್ನೇ ನೋಡುತ್ತಿದ್ದ.

"ಗಿರಗಿಟ್ಲೆ?" ಎಂದ, ಕನ್ನಡದಲ್ಲಿ.

ಎತ್ತಿದ ಕೈ ಅಲ್ಲೇ ನಿಂತಿತು. ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ. ಒಂದು ಗಳಿಗೆ ಕೂತಲ್ಲಿ ಕೂರದ ಹುಡುಗಿಗೆ ಅವರ ಓಣಿಯ ಕೊನೆಮನೆಯ ಹುಡುಗ ಇಟ್ಟಿದ್ದ ಹೆಸರದು. ಸೇಡು ತೀರಿಸಿಕೊಳ್ಳಲು ಅವಳು ಅವನಿಗೆ 'ಒಂಟೆ' ಎಂದು ಹೆಸರಿಟ್ಟಿದ್ದಳು. ಆ ಉದ್ದ ಕಾಲುಗಳು ಈಗಲೂ ಇಡಲು ಜಾಗವಿಲ್ಲದೆ ಒದ್ದಾಡುತ್ತಿದ್ದವು. ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು ಬಂದಿದ್ದವು, ಅಷ್ಟೇ.

ನೀನು... ಇಲ್ಲಿ ಹೇಗೆ? ಕೇಳಬೇಕೆಂದುಕೊಂಡಳು. ಕನ್ನಡಿಯನ್ನು ಸುಮ್ಮನೆ ಅತ್ತಿತ್ತ ತಿರುಗಿಸಿದಳು.

"ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕೆಲಸ. ಈಚೆಗಷ್ಟೇ ಬಂದೆ," ಅವನೇ ಹೇಳಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ನಿಮ್ಮ ಮನೆಯವರು ಹೇಗಿದ್ದಾರೆ?" ಎಂದ.

ನಿಮ್ಮ. ಮನೆಯವರು.

ಇಷ್ಟು ವರ್ಷ ಮಾತಿಲ್ಲ, ಕತೆಯಿಲ್ಲ. ಎದುರು ಸಿಕ್ಕ ಕೂಡಲೇ ಕೇಳುವುದು ಇದನ್ನೇ? ಗಂಡನನ್ನು ಬಿಟ್ಟವಳು ಎಂದು ಗೊತ್ತಿದ್ದೇ ಚುಚ್ಚುತ್ತಿದ್ದಾನೆ... ಅವಳ ಮೈಯೆಲ್ಲ ಉರಿಯಿತು.

"ಎಲ್ಲರೂ ಚೆನ್ನಾಗಿದ್ದಾರೆ. ಬೆಲ್ಟ್ ಹಾಕ್ಕೊಳ್ಳಿ," ಎಂದಳು.

ಚಿಕ್ಕಂದಿನಿಂದ ಒಂದೇ ಗೋಡೆಯ ಮೇಲೆ ಕೂತು ಜಗಳವಾಡಿದ ಜೋಡಿ ಅದು. ಅವಳ ಮದುವೆಗೆ ಮಾತ್ರ ಅವನು ಬರಲಿಲ್ಲ. ಗಂಡನ ಜೊತೆ ಅವಳು ಈ ದೇಶಕ್ಕೆ ಬಂದಳು. "ಕಾರು ಓಡಿಸೋದೆಲ್ಲ ನಿನ್ನ ಕೈಲಾಗೋ ಮಾತಲ್ಲ" ಎನ್ನುತ್ತಿದ್ದ ಆ ಗಂಡ, ಕಾರೊಂದೇ ಅಲ್ಲ, ಅವಳು ಮುಟ್ಟಿದ್ದಕ್ಕೆಲ್ಲ ಅದೇ ಮಾತು ಹೇಳುತ್ತಿದ್ದ. ಮೂರನೇ ವರ್ಷ ಬೇರೆಯಾದಳು. ಹಟಕ್ಕೆ ಬಿದ್ದು ಡ್ರೈವಿಂಗ್ ಕಲಿತಳು, ಕಲಿಸುವವಳೂ ಆದಳು. ಆ ಕೆಟ್ಟ ದಿನಗಳಲ್ಲಿ ಫೋನ್ ರಿಂಗಾದಾಗೆಲ್ಲ ಒಂಟೆಯೇ ಇರಬಹುದು ಎಂದು ಓಡಿದ್ದಳು. ಒಂದು ಸಲವೂ ಅವನಾಗಿರಲಿಲ್ಲ. ಅದೊಂದನ್ನು ಅವಳಿಗೆ ಕ್ಷಮಿಸಲಾಗಿರಲಿಲ್ಲ.

ಅವನು ಬಂದ ದಿನದಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಟೀ ಕುದಿಯಲು ಇಟ್ಟು ಬಟ್ಟೆ ಮಡಿಸಲು ಹೋಗುವಳು, ಬಟ್ಟೆ ಅರ್ಧಕ್ಕೆ ಬಿಟ್ಟು ಕಿಟಕಿಗೆ ಬರುವಳು, ಅಷ್ಟರಲ್ಲಿ ಟೀ ಉಕ್ಕಿ ಒಲೆ ಆರಿರುತ್ತಿತ್ತು. ಬೇರೆ ಶಿಕ್ಷಕರಿಗೆ ಅವನನ್ನು ದಾಟಿಸಿಬಿಡೋಣ ಎಂದು ಎರಡು ಸಲ ಆಫೀಸಿನ ಬಾಗಿಲವರೆಗೆ ಹೋದಳು. ಎರಡು ಸಲವೂ ಹವಾಮಾನದ ಬಗ್ಗೆ ಮಾತಾಡಿ ವಾಪಸ್ ಬಂದಳು.

ಕಾರಿನೊಳಗೆ ಅವನು ಮೇಷ್ಟ್ರ ಮುಂದಿನ ವಿದ್ಯಾರ್ಥಿಯಂತೆ ಕೂರುತ್ತಿದ್ದ. ಗೇರ್, ಕ್ಲಚ್ ಬಿಟ್ಟು ಬೇರೆ ಮಾತಿಲ್ಲ. ನಾಲ್ಕು ರಸ್ತೆ ಸೇರುವ ವೃತ್ತ ಬಂದರೆ ಸಾಕು, ಕಾಲು ಬ್ರೇಕಿನ ಮೇಲೆ.

"ಹೋಗಿ. ಜಾಗ ಇತ್ತಲ್ಲ."

"ಆ ಕೆಂಪು ಕಾರು ಹೋಗಲಿ ಅಂತ..."

"ಎಲ್ಲರೂ ಹೋಗಲಿ ಅಂತ ಕಾಯ್ತಾ ಕೂತ್ರೆ ಇಲ್ಲೇ ಮುದುಕರಾಗ್ತೀರಿ."

"ಅಭ್ಯಾಸ ಆಗೋಗಿದೆ," ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ.

ಆ ಮಾತಿಗೇನರ್ಥ? ಅವಳು ಕೇಳಲಿಲ್ಲ. ಆದರೆ ದಿನವೆಲ್ಲ ಅದು ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಲೇ ಇತ್ತು.

ಒಂದು ದಿನ ಪಾಠ ಮುಗಿದ ಮೇಲೆ ಅವನೇ ಹೇಳಿದ. "ಲೈಸೆನ್ಸ್ ಸಿಕ್ಕಿದ ಮಾರನೇ ದಿನವೇ ಇನ್ನೊಂದು ಊರಿಗೆ ಕಳಿಸ್ತಾರೆ. ಅಲ್ಲಿ ಕಂಪನಿ ವ್ಯಾನ್ ನಾನೇ ಓಡಿಸಬೇಕು. ಸಿಗದಿದ್ರೆ ಕೆಲಸ ಇಲ್ಲ."

"ದೂರನಾ?"

"ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನ."

ಹಾಗಾದರೆ ತಾನು ಕಲಿಸುತ್ತಿರುವುದು ಅವನಿಗೆ ಹೊರಟುಹೋಗುವುದನ್ನು! ಹೋದರೆ ಹೋಗಲಿ, ತನಗೇನು? ಹಾಗೆಂದುಕೊಂಡವಳು ಆ ಸಂಜೆ ಊಟಕ್ಕೆ ಕೂತು, ತಟ್ಟೆ ನೋಡಿ, ಹಾಗೇ ಎದ್ದಳು. ಆದರೂ ಮರುದಿನದಿಂದ ಅವನನ್ನು ವೃತ್ತಕ್ಕೇ ಕರೆದೊಯ್ದು, ಕಾಲು ಬ್ರೇಕಿಗೆ ಹೋಗದಂತಾಗುವವರೆಗೆ ಸುತ್ತಿಸಿದಳು. ಕಲಿಸುವುದರಲ್ಲಿ ಕಳ್ಳತನ ಮಾಡಲು ಅವಳಿಗೆ ಬರುತ್ತಿರಲಿಲ್ಲ.

ಪರೀಕ್ಷೆಯ ದಿನ ಅವಳು ಹೊರಗಿನ ಬೆಂಚಿನ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಪಾಸಾಗಲಿ ದೇವರೇ. ಬೇಡ... ಫೇಲಾಗಲಿ. ಛೇ, ಅವನ ಅನ್ನದ ಮಾತು. ಪಾಸಾಗಲಿ.

ಪಾಸಾಗಿದ್ದ. ಮುಖದಲ್ಲಿ ನಗು ಮಾತ್ರ ಇರಲಿಲ್ಲ.

"ನಾಳೆ ಹೊರಡ್ತೀನಿ. ಇವತ್ತು ಸಂಜೆ ನಿಮ್ಮ ಮನೆಗೆ ಬಂದು, ನಿಮ್ಮ ಯಜಮಾನರನ್ನೂ ಒಂದ್ಸಲ ಮಾತಾಡಿಸಿ ಹೋಗೋಣ ಅಂತ..."

ಇಷ್ಟು ದಿನ ತಡೆದಿದ್ದ ಕಟ್ಟೆ ಒಡೆಯಿತು.

"ಗಾಯಕ್ಕೆ ಉಪ್ಪು ಹಚ್ಚೋದಕ್ಕೂ ಒಂದು ಮಿತಿ ಇರುತ್ತೆ ಒಂಟೆ. ಯಾವ ಯಜಮಾನ? ಅವನನ್ನ ಬಿಟ್ಟು ಯಾವ ಕಾಲ ಆಯ್ತು. ಗೊತ್ತಿದ್ದೂ ಒಂದು ಫೋನ್ ಮಾಡಲಿಲ್ಲ ನೀನು. ಈಗ ಬಂದು ಆಟ ಆಡಿಸ್ತಿದ್ದೀಯ?"

ಅವನು ಹೆಜ್ಜೆ ಹಿಂದಿಟ್ಟ.

"ಬಿಟ್ಟು...? ನಿಮ್ಮಕ್ಕ ನೀನು ಸುಖವಾಗಿದ್ದೀಯ, ಮನೆ ಕಟ್ಟಿಸಿದ್ದೀಯ ಅಂದ್ರು. ಹೋದ ವರ್ಷವೂ ಅದನ್ನೇ ಹೇಳಿದ್ರು."

ಅವಳು ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿ, ಸ್ಪೀಕರ್ ಒತ್ತಿದಳು. "ಅಕ್ಕಾ, ಕೊನೆಮನೆ ಒಂಟೆಗೆ ನನ್ನ ಬಗ್ಗೆ ಏನು ಹೇಳಿದ್ದೆ?"

ಆ ಕಡೆ ಅಕ್ಕ ದನಿ ತಗ್ಗಿಸಿದಳು.

"ಊರಿಗೆಲ್ಲ ಹೇಳಿದ್ದನ್ನೇ ಅವನಿಗೂ ಹೇಳಿದೆ ಕಣೇ. ವಿಷಯ ಹೊರಗೆ ಹೋದ್ರೆ ಬಾವಿಗೆ ಬೀಳ್ತೀನಿ ಅಂದಿದ್ರು ಅಪ್ಪ, ನಿನಗೆ ಹೇಳಿರಲಿಲ್ಲ ಅಷ್ಟೇ. ಪಾಪ, ಆ ಹುಡುಗ ಸಿಕ್ಕಾಗೆಲ್ಲ ಕೇಳೋನು. ಅವಳು ಚೆನ್ನಾಗಿದ್ದಾಳಾ ಅಂತ ಒಂದೇ ಪ್ರಶ್ನೆ. ಹೌದು ಅಂದ್ರೆ ತಲೆ ತಗ್ಗಿಸ್ಕೊಂಡು ಹೋಗಿಬಿಡೋನು. ಮದುವೆನೂ ಆಗಲಿಲ್ಲ ಪುಣ್ಯಾತ್ಮ... ಈಗ ಯಾಕೆ ಕೇಳ್ತಿದ್ದೀಯ?"

ಅವಳು ಫೋನ್ ಇಟ್ಟಳು. ಅವನು ತನ್ನ ಶೂಗಳನ್ನು ನೋಡುತ್ತಿದ್ದ.

"ನನ್ನ ಮದುವೆಗೆ ಯಾಕೆ ಬರಲಿಲ್ಲ?"

"ಬಂದಿದ್ದೆ. ಬೀದಿ ತಿರುವಿನವರೆಗೆ. ಒಳಗೆ ಬಂದು ಊಟಕ್ಕೆ ಕೂತ್ಕೊಳ್ಳೋ ಧೈರ್ಯ ಆಗಲಿಲ್ಲ."

"ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ನೀನು ನಗ್ತೀಯ ಅಂತ ಹೆದರಿಕೆ ಇತ್ತು. ನಾನು ಹೆದರಿಕೊಂಡಿದ್ದಕ್ಕೆ ನೀನು ಒಬ್ಬಳೇ ಇಷ್ಟು ಅನುಭವಿಸಿದೆಯಲ್ಲ..." ಅವನು ತಲೆಯೆತ್ತಿದ. "ಈಗ ಹೇಳ್ತೀನಿ. ನೀನಂದ್ರೆ ನನಗೆ ಇಷ್ಟ. ಯಾವತ್ತಿನಿಂದ ಅಂತ ನನಗೇ ಗೊತ್ತಿಲ್ಲ. ಬಾ ನನ್ನ ಜೊತೆ."

ಅವಳ ಕಣ್ಣು ತುಂಬಿತು. ಆದರೂ ಇಲ್ಲವೆಂದು ತಲೆಯಾಡಿಸಿದಳು.

"ಇನ್ನೊಂದು ಸಲ ಯಾರ ಹಿಂದೆಯೂ ಪೆಟ್ಟಿಗೆ ಹಿಡಿದು ಹೊರಡೋದಿಲ್ಲ ನಾನು. ಇಲ್ಲಿ ಒಂದು ಬದುಕು ಕಟ್ಕೊಂಡಿದ್ದೀನಿ. ಅದು ನನಗೆ ಸುಮ್ನೆ ಸಿಕ್ಕಿದ್ದಲ್ಲ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಹಾಗಾದ್ರೆ ನೀನು ಬರಬೇಡ. ನಾನೇ ಬರ್ತೀನಿ. ಶನಿವಾರ."

ಹೇಳುವವರು ಹೇಳುತ್ತಾರೆ, ಬರುವವರು ಎಷ್ಟು ಜನ? ಶನಿವಾರ ಬೆಳಿಗ್ಗೆಯಿಂದ ಅವಳು ಅದನ್ನೇ ಜಪಿಸುತ್ತಿದ್ದಳು. ಹಾಸಿದ ಹಾಸಿಗೆಯನ್ನೇ ಮತ್ತೆ ಹಾಸಿದಳು. ಮೆಟ್ಟಿಲ ಮೇಲೆ ಯಾರದೇ ಹೆಜ್ಜೆ ಕೇಳಿದರೂ ಕಿವಿ ನಿಮಿರುತ್ತಿತ್ತು. ಮಧ್ಯಾಹ್ನ ದಾಟಿತು. ನೀಲಿ ವ್ಯಾನೊಂದು ಬೀದಿಯಲ್ಲಿ ಬಂದು, ಹಿಂದೆ ಮುಂದೆ ಸರಿದು, ಕಡೆಗೂ ಸೊಟ್ಟಗೆ ನಿಂತಿತು.

ಅವಳು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದಳು. ಬಾಗಿಲಲ್ಲಿ ಅವನು ನಿಂತಿದ್ದ. ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು.

"ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಅಭ್ಯಾಸ ಮಾಡ್ಕೊಂಡು ಬಂದೆ," ಎಂದ. "ನಿನ್ನ ನೋಡಿದ ತಕ್ಷಣ ಎಲ್ಲ ಮರೆತುಹೋಯ್ತು."

"ನೆನಪಾಗೋವರೆಗೂ ಒಳಗೆ ಬಂದು ಕೂತಿರು."

"ನೆನಪಾಗದೇ ಇದ್ರೆ?"

ಅವಳು ಅವನ ಕೈ ಹಿಡಿದುಕೊಂಡಳು.

"ಇದ್ದುಬಿಡು."