ಹನ್ನೊಂದು ಟ್ಯೂಬುಗಳ ಹಿಮೋಲಿಸಿಸ್

ಹನ್ನೊಂದನೆಯ ಟ್ಯೂಬೂ ಕೆಟ್ಟಿದ್ದನ್ನು ಕಂಡು ನನಗೆ ತಲೆ ಚಿಟ್ಟು ಹಿಡಿದುಹೋಯಿತು. ರಕ್ತದ ಟ್ಯೂಬನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿದು, ಮೇಲೆ ತಿಳಿಹಳದಿ ಸೀರಂ ನಿಲ್ಲಬೇಕು. ಇಲ್ಲಿ ಸೀರಂ ಕೆಂಪಗಿತ್ತು. ಕಣಗಳು ಒಡೆದು ಒಳಗಿನ ಬಣ್ಣ ಹೊರಬಂದರೆ ಹೀಗಾಗುತ್ತದೆ. ಅದಕ್ಕೇ ಹಿಮೋಲಿಸಿಸ್ ಎನ್ನುವುದು. ಆಗ ವರದಿಯಲ್ಲಿ ಪೊಟ್ಯಾಶಿಯಂ ಸುಳ್ಳುಸುಳ್ಳೇ ಏರಿ, ರೋಗಿಗೆ ಇಲ್ಲದ ಕಾಯಿಲೆಗೆ ಮದ್ದು ಬೀಳುವ ಅಪಾಯ. ‘ಹಿಮೋಲಿಸಿಸ್ ಆಗಿದೆ, ಮತ್ತೆ ಕಳಿಸಿ’ ಎಂದು ಬರೆದೂ ಬರೆದೂ ನನ್ನ ಕೈ ಸೋತಿತ್ತು.

ಎರಡು ವಾರದಿಂದ ಇದೇ ಗೋಳು, ಅದೂ ಹೆಂಗಸರ ವಾರ್ಡಿನದು ಮಾತ್ರ. ಆ ವಾರ್ಡಿಗೆ ಎರಡು ವಾರದ ಹಿಂದೆ ಹೊಸ ನರ್ಸ್ ಬಂದಿದ್ದಳು. ಇನ್ನೇನು ಬೇಕು? ದೊಡ್ಡ ಸಿಸ್ಟರ್ ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಟೈಪ್ ಮಾಡಿಸಿ, ಮೂರು ಗಂಟೆಗೆ ಸಹಿ ಹಾಕುವುದೆಂದು ನಿಶ್ಚಯಿಸಿದ್ದರು. ಅದನ್ನು ಕೇಳಿ ಆ ಹುಡುಗಿ ಅತ್ತುಕೊಂಡು ನಮ್ಮ ಲ್ಯಾಬಿಗೇ ಬಂದಳು.

ನಮ್ಮ ಲ್ಯಾಬಿನ ಮುಖ್ಯಸ್ಥೆ ಎಲ್ಲರಿಗೂ ಮೇಡಂ. ಕಳೆದುಹೋದ ಫೈಲಿನಿಂದ ಹಿಡಿದು ಆಸ್ಪತ್ರೆಯ ಸಕಲ ಪತ್ತೇದಾರಿಕೆಯೂ ಅವರದೇ. ಅವರ ಹಿಂದೆ ಅಲೆಯುವ ಕರ್ಮ ನನ್ನದು. ಹೊಳೆದದ್ದನ್ನು ಹೊಳೆದಾಗಲೇ ಹೇಳುವ ಅಭ್ಯಾಸ ಆ ಮಹಾತಾಯಿಗೆ ಇಲ್ಲವೇ ಇಲ್ಲ.

ಮತ್ತೆ ತೆಗೆದ ರಕ್ತವನ್ನು ಯಾರು ತರುತ್ತಾರೆಂದು ಮೇಡಂ ಕೇಳಿದರು. ಅವಸರವೆಂದು ತಾನೇ ಓಡಿ ತರುವುದಾಗಿ ನರ್ಸ್ ಹೇಳಿದಳು. ಅವು ಒಂದೂ ಕೆಟ್ಟಿರಲಿಲ್ಲ. ಬೈಸಿಕೊಂಡ ಮೇಲೆ ಯಾರಾದರೂ ಹುಷಾರಾಗಿ ಚುಚ್ಚುತ್ತಾರೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಮೇಡಂ ಹನ್ನೊಂದನೆಯ ಟ್ಯೂಬನ್ನು ತಿರುಗಿಸುವ ಮುನ್ನ ಹೇಗಿತ್ತೆಂದರು. ಮೇಲೆ ನೊರೆ ಇತ್ತು, ಸಿರಿಂಜನ್ನು ಜೋರಾಗಿ ಎಳೆದಿರಬೇಕು ಎಂದೆ.

ಅಷ್ಟರಲ್ಲಿ ಆ ವಾರ್ಡಿನ ಟ್ಯೂಬುಗಳನ್ನು ತರುವ ನಮ್ಮ ಚಿಕ್ಕಪ್ಪ ಖಾಲಿ ಟ್ರೇ ಒಯ್ಯಲು ಬಂದರು. ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿ ಮಿಕ್ಸ್ಚರ್ ಕಲಸಿದವರು. ಅಂಗಡಿ ಮುಚ್ಚಿದ್ದರಿಂದ ನಾನೇ ಹೇಳಿ ಈ ಕೆಲಸ ಕೊಡಿಸಿದ್ದೆ. ಮೇಡಂ ನೀರಿನ ಬಾಟಲಿ ಕೇಳಿದರು. ಚಿಕ್ಕಪ್ಪ ಎತ್ತಿ, ನಾಲ್ಕು ಸಲ ಕುಲುಕಿ ಕೊಟ್ಟರು. ಮೇಡಂ ನೀರು ಕುಡಿಯದೆ ಬಾಟಲಿ ಕೆಳಗಿಟ್ಟು, ನರ್ಸ್ ಜೊತೆ ವಾರ್ಡಿಗೆ ನಡೆದರು. ಏನೆಂದು ಕೇಳಿದರೆ ‘ಮೂರು ಗಂಟೆಗೆ’ ಎಂದರು.

ಮೂರಕ್ಕೆ ವಾರ್ಡಿನ ಪಕ್ಕದ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಮೇಜಿನ ಮೇಲೆ ಪತ್ರ, ಪಕ್ಕದಲ್ಲಿ ಎರಡು ಟ್ಯೂಬು. ಒಂದರ ಸೀರಂ ಹಳದಿ, ಇನ್ನೊಂದರದು ಕೆಂಪು.

“ಎರಡೂ ನನ್ನ ರಕ್ತವೇ,” ಎಂದರು ಮೇಡಂ. “ಈ ಹುಡುಗಿ ಒಂದೇ ಸಲ ಚುಚ್ಚಿ ಎರಡಕ್ಕೂ ತುಂಬಿದ್ದು. ಹಳದೀದನ್ನ ನಾನೇ ತಂದೆ. ಕೆಂಪಗಾಗಿದ್ದು ಎಂದಿನ ಹಾಗೆ ವಾರ್ಡಿಂದ ಬಂತು.”

ಆಮೇಲೆ ಒಂದೊಂದೇ ಬಿಡಿಸಿ ಹೇಳಿದರು. ಕೆಲವು ಕಾಯಿಲೆಗಳಲ್ಲಿ ಕಣಗಳು ಮೈಯೊಳಗೇ ಒಡೆಯುತ್ತವೆ. ಹಾಗಿದ್ದರೆ ರೋಗಿಗಳಿಂದ ಮತ್ತೆ ತೆಗೆದ ಟ್ಯೂಬೂ ಕೆಂಪಾಗಬೇಕಿತ್ತು. ಚುಚ್ಚಿದ ಕೈಯದು ತಪ್ಪಾಗಿದ್ದರೆ ಮೇಡಂ ಅವರ ಎರಡು ಟ್ಯೂಬೂ ಕೆಡಬೇಕಿತ್ತು. ರಕ್ತ ಎಳೆಯುವಾಗ ಎದ್ದ ನೊರೆ, ಟ್ಯೂಬು ಅರ್ಧ ಗಂಟೆ ವಾರ್ಡಿನ ಸ್ಟ್ಯಾಂಡಿನಲ್ಲಿ ಒಯ್ಯುವವರಿಗಾಗಿ ಕಾಯುವಷ್ಟರಲ್ಲಿ ಇಳಿದಿರುತ್ತದೆ. ನಾನು ಕಂಡದ್ದು ಹೊಸ ನೊರೆ. ಉಳಿದದ್ದು ವಾರ್ಡಿನಿಂದ ಲ್ಯಾಬಿಗೆ ತರುವ ದಾರಿ ಮಾತ್ರ.

“ಯಜಮಾನರೇ, ತಳದಲ್ಲಿ ಏನಾದ್ರೂ ಕೂತಿದ್ರೆ ಏನು ಮಾಡ್ತೀರಿ?”

“ಕುಲುಕ್ತೀನಿ ಮೇಡಂ,” ಎಂದರು ಚಿಕ್ಕಪ್ಪ, ಇದೂ ಒಂದು ಪ್ರಶ್ನೆಯೇ ಎಂಬಂತೆ. “ಮೂವತ್ತು ವರ್ಷದಲ್ಲಿ ಒಂದು ಬಾಟಲೀನೂ ಕುಲುಕದೆ ಕೈಗೆ ಕೊಟ್ಟವನಲ್ಲ. ಇವೂ ಅಷ್ಟೇ, ಮೆಟ್ಟಿಲ ಹತ್ರ ಚೆನ್ನಾಗಿ ಕುಲುಕಿಯೇ ತರ್ತೀನಿ.”

ನಾನು ಹಣೆ ಚಚ್ಚಿಕೊಂಡೆ. ಎರಡು ವಾರದ ಹಿಂದೆ ಕೆಲಸಕ್ಕೆ ಸೇರಿಸಿದ ದಿನ ಟ್ಯೂಬು ಕೊಡುವ ಲ್ಯಾಬಿನ ಕಿಟಕಿ ತೋರಿಸಿದ್ದೆ, ಕುಲುಕಬೇಡಿ ಎಂದಿರಲಿಲ್ಲ. ಅದನ್ನೂ ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ? ಕುಲುಕಿದ್ದಕ್ಕೇ ಕಣಗಳು ಒಡೆದವೆಂದು ತಿಳಿದಾಗ ಚಿಕ್ಕಪ್ಪನ ಮುಖ ಸುಟ್ಟ ಬದನೆಕಾಯಿಯಂತಾಯಿತು. ನಾಳೆಯಿಂದ ಬರುವುದಿಲ್ಲ ಎಂದುಬಿಟ್ಟರು.

ದೊಡ್ಡ ಸಿಸ್ಟರ್ ಪತ್ರ ಹರಿದು, ಹೋಗಿ ಕೆಲಸ ನೋಡಮ್ಮ ಎಂದರು. ನರ್ಸ್ ಕದಲಲಿಲ್ಲ.

“ಹದಿನೈದು ದಿನದಿಂದ ಸೂಜಿ ಹಿಡಿಯೋಕೇ ಹೆದರಿಕೆ ಆಗುತ್ತೆ ಸಿಸ್ಟರ್. ನಂಗೇ ನನ್ನ ಮೇಲೆ ನಂಬಿಕೆ ಹೋಗಿದೆ.”

ದೊಡ್ಡ ಸಿಸ್ಟರ್ ಕುರ್ಚಿ ಎಳೆದು ಕೂತು, ಸಮವಸ್ತ್ರದ ತೋಳು ಮೇಲಕ್ಕೆ ಮಡಚಿ, ಕೈ ಮುಂದೆ ಚಾಚಿದರು. “ತೆಗಿಯಮ್ಮ. ನನ್ನ ನರ ಸುಲಭಕ್ಕೆ ಸಿಗಲ್ಲ.”

ಅವಳು ಪಟ್ಟಿ ಬಿಗಿದು, ಬೆರಳಲ್ಲಿ ಹುಡುಕಿ, ಒಂದೇ ಸಲಕ್ಕೆ ಚುಚ್ಚಿದಳು. ಟ್ಯೂಬು ತುಂಬಿತು. ನಾನು ಕೈ ಚಾಚಿದರೆ ನನ್ನನ್ನು ದಾಟಿ ಹೋಗಿ ಅದನ್ನು ಚಿಕ್ಕಪ್ಪನಿಗೆ ಕೊಟ್ಟಳು.

“ನೀವೇ ತಗೊಂಡು ಹೋಗಿ,” ಎಂದಳು.

ಚಿಕ್ಕಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತಿದರು. ಹಿಂದೆ ನಡೆಯುತ್ತಿದ್ದ ನನಗೆ ಆ ಆಮೆ ನಡಿಗೆಗೆ ರೇಗಿಹೋಯಿತು, ಆದರೂ ನಾನೂ ನಿಂತು ನಿಂತೇ ಹತ್ತಿದೆ. ಅರ್ಧ ಗಂಟೆ ಬಿಟ್ಟು ಯಂತ್ರದಿಂದ ತೆಗೆದಾಗ ಐದೂ ತಲೆಗಳು ಟ್ಯೂಬಿನ ಮೇಲೆ ಬಾಗಿದ್ದವು. ಸೀರಂ ತಿಳಿಹಳದಿಯಾಗಿತ್ತು.