ಗುಟ್ಟಿನ ಬಂಗಲೆಯ ಕಾವಲುಗಾರ

"ನಿಲ್ಲಿ! ಒಳಗೆ ಬರೋ ಹಾಗಿಲ್ಲ!"

ಮಂಚಮ್ಮನ ಕಾಲು ಮೆಟ್ಟಿಲ ಮೇಲೇ ಕಚ್ಚಿಕೊಂಡಿತು. ಬಂಗಲೆಯ ಬಾಗಿಲಿಗೆ ಅಡ್ಡವಾಗಿ ಒಬ್ಬ ಗಂಡಸು. ಕಪ್ಪು ಕೋಟು, ಬಿಳಿ ಕೈಗವಸು, ಕೈಯಲ್ಲಿ ಒರೆಯಿಂದ ಹಿರಿದ ಕತ್ತಿ!

ನೀಲಿ ಕಾಗದ ಸುತ್ತಿದ ಟಾರ್ಚನ್ನು ಅವಳು ಅವನ ಮುಖಕ್ಕೆ ಬಿಟ್ಟಳು.

ಆ ಮುಖ... ಅಯ್ಯೋ ಶಿವನೇ, ಆ ಮುಖ!

"ಮರಿಸ್ವಾಮಿ ಸಾರ್... ನೀವಾ?"

ಅದು ಎಪ್ಪತ್ತೊಂದನೇ ಇಸವಿಯ ಡಿಸೆಂಬರು. ಯುದ್ಧ ಶುರುವಾಗಿತ್ತು. ಕನ್ನಂಬಾಡಿ ಕಟ್ಟೆ ಹತ್ತಿರವಿರುವುದರಿಂದ ಶ್ರೀರಂಗಪಟ್ಟಣದಲ್ಲಿ ಹೊತ್ತು ಮುಳುಗುತ್ತಲೇ ಸೈರನ್ ಕೂಗುತ್ತಿತ್ತು. ಯಾರ ಮನೆಯ ಬೆಳಕೂ ಹೊರಗೆ ಕಾಣಬಾರದು. ಅದನ್ನು ನೋಡಿಕೊಳ್ಳುವುದು ಹೋಂಗಾರ್ಡುಗಳ ಕೆಲಸ. ಪೇಟೆಯ ಅಕ್ಕಿ ವ್ಯಾಪಾರಿ ಚೆಲುವಯ್ಯನ ಮಗಳು ಮಂಚಮ್ಮ, ನೆಂಟರೆಲ್ಲ ಮೂಗು ಮುರಿದರೂ ಕೇಳದೆ, ಆ ವರ್ಷವೇ ಖಾಕಿ ಸೀರೆಯುಟ್ಟು ದಳಕ್ಕೆ ಸೇರಿದ್ದಳು.

ಮರಿಸ್ವಾಮಿ ಬಿಂಡಿಗನವಿಲೆ ಕಡೆಯವನು. ಪಾಂಡವಪುರದಲ್ಲಿ ನಾಲೆಯ ಓವರ್‌ಸಿಯರು. ಭಾನುವಾರ ಭಾನುವಾರ ಖಾಕಿ ತೊಟ್ಟು, ನಾಗಮಂಗಲದಿಂದಲೂ ಕೆ.ಆರ್. ಪೇಟೆಯಿಂದಲೂ ಬರುತ್ತಿದ್ದ ಹೊಸಬರಿಗೆ ಪಾಂಡವಪುರದ ಮೈದಾನದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸುತ್ತಿದ್ದ. ಒಮ್ಮೆ ಅವಳ ಮಣಿಕಟ್ಟಿಗೇ ಪಟ್ಟಿ ಸುತ್ತಿ ತೋರಿಸುತ್ತಾ, "ಬಿಗಿ ಆಯ್ತಾ?" ಎಂದು ಕೇಳಿದ್ದ. ಅಷ್ಟೇ. ಆ ಎರಡು ಮಾತನ್ನು ಅವಳು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಓಡಾಡಿದ್ದಳು!

ಈಗ ಅದೇ ಮನುಷ್ಯ ಕತ್ತಿ ಹಿಡಿದು ನಿಂತಿದ್ದಾನೆ... ಅದೂ ಈ ಬಾಗಿಲಲ್ಲಿ!

ಅದು ಒಂದು ಸಹೋದರ ಸಂಘದ ಲಾಡ್ಜು, ಅಂದರೆ ಸಂಘದವರು ಸಭೆ ಸೇರುವ ಮನೆ. ಡಾಕ್ಟರು, ಲಾಯರು, ಲಾರಿ ಮಾಲೀಕ ಗೌಸ್ ಸಾಹೇಬರು, ಇಂಥವರೆಲ್ಲ ಅಲ್ಲಿ ಸೇರಿ, ತಮ್ಮಲ್ಲೇ ಒಬ್ಬನನ್ನು ಕಾವಲಿಗೆ ನಿಲ್ಲಿಸಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಒಳಗೆ ನಡೆದದ್ದನ್ನು ಯಾರೂ ಹೊರಗೆ ಆಡುತ್ತಿರಲಿಲ್ಲ. ಊರಿನವರು ಅದಕ್ಕೆ ಗುಟ್ಟಿನ ಬಂಗಲೆ ಅಂತಲೇ ಹೆಸರಿಟ್ಟಿದ್ದರು.

ಮಂಚಮ್ಮ ಅಲ್ಲಿಗೆ ಬಂದದ್ದು ಕಿಟಕಿಯ ಸಂದಿಯಲ್ಲಿ ಬೆಳಕು ಕಂಡಿದ್ದಕ್ಕೆ. ಆರಿಸಿ ಎಂದು ಕೂಗುವ ಮೊದಲು ಇಣುಕಿದ್ದಳು. ಒಳಗೆ ಮೇಣದಬತ್ತಿಗಳು. ನಡುವೆ ಒಬ್ಬನ ಕಣ್ಣಿಗೆ ಬಟ್ಟೆ ಬಿಗಿದಿದ್ದರು. ಷರಾಯಿಯ ಒಂದು ಕಾಲನ್ನು ಮಂಡಿಯವರೆಗೆ ಮಡಚಿದ್ದರು. ಕುತ್ತಿಗೆಗೆ ಹಗ್ಗ! ಯಾರೋ ಅವನನ್ನು ನಡೆಸಿಕೊಂಡು ಹೋಗುತ್ತಿದ್ದರು... ಎಡಗಾಲು ಎಳೆದುಕೊಂಡು ನಡೆಯುವ ಆ ನಡಿಗೆ ಅವಳಿಗೆ ಗೊತ್ತಿಲ್ಲದ್ದೇ?

"ಒಳಗೆ ನಮ್ಮಪ್ಪ ಅವ್ರೆ! ಕುತ್ಗೆಗೆ ಹಗ್ಗ ಹಾಕವ್ರೆ! ದಾರಿ ಬುಡಿ ಸಾರ್!"

"ಅವರಿಗೆ ಏನೂ ಆಗಲ್ಲ ಮಂಚಮ್ಮ. ನನ್ನ ನಂಬಿ."

"ಏನ್ ನಡೀತಾ ಐತೆ ಹೇಳಿ, ನಂಬ್ತೀನಿ!"

"ಹೇಳಕ್ಕಾಗಲ್ಲ."

"ಯಾಕೆ?"

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

ಅವಳು ಟಾರ್ಚನ್ನು ಅವನ ಮುಖದಿಂದ ಇಳಿಸಿದಳು. 'ನಾನು ಮನಸ್ಸಲ್ಲಿ ಇಟ್ಟುಕೊಂಡದ್ದು ಇವನನ್ನೇ?'

"ದೀಪನಾದ್ರೂ ಆರಿಸ್ತೀರೋ... ಅದಕ್ಕೂ ಆಣೆ ಇಟ್ಟಿದೀರೋ?"

ಅವನು ಹಿಂದಕ್ಕೆ ಕೈ ಚಾಚಿ ಬಾಗಿಲು ಬಡಿದು, "ಬೆಳಕು ಆಚೆ ಕಾಣ್ತಿದೆ, ಆರಿಸಿ!" ಎಂದು ಕೂಗಿದ. ಕಿಟಕಿ ಕತ್ತಲಾಯಿತು. ಆದರೆ ಅವನು ಮಾತ್ರ ಬಾಗಿಲಿಂದ ಕದಲಲಿಲ್ಲ.

ಮಂಚಮ್ಮ ಬಾಯಿಗೆ ಸೀಟಿ ಇಟ್ಟು ಊದಿಬಿಟ್ಟಳು.

ಬೀದಿಯೆಲ್ಲ ಓಡಿಬಂತು. ಅವಳ ಜೊತೆ ಪಹರೆಗೆ ಬಂದಿದ್ದ ಖುರ್ಷಿದ್ ದೊಣ್ಣೆ ಹಿಡಿದು ಬಂದಳು. ಅಷ್ಟರಲ್ಲಿ ಒಳಗಿದ್ದವರೆಲ್ಲ ಹಿಂಬಾಗಿಲಿಂದ ಹೊರಟುಹೋಗಿದ್ದರು. ಮುಂಬಾಗಿಲಲ್ಲಿ ಸಿಕ್ಕಿದವನು ಮರಿಸ್ವಾಮಿ ಒಬ್ಬನೇ. ಯಾರು ಏನು ಕೇಳಿದರೂ ತುಟಿ ಬಿಚ್ಚಲಿಲ್ಲ.

ಮನೆಗೆ ಓಡಿದರೆ ಅಪ್ಪ ಜಗಲಿಯ ಮೇಲೆ ಕೂತಿದ್ದ! ಕುತ್ತಿಗೆ ನೆಟ್ಟಗಿತ್ತು.

"ಅಪ್ಪಾ! ಏನ್ ಮಾಡುದ್ರು ನಿಂಗೆ?"

"ಏನೂ ಮಾಡಿಲ್ಲ ಕಣವ್ವ. ಅದ್ನ ಕೇಳ್ಬ್ಯಾಡ. ಇಟ್ಟಿಕ್ಕು, ಉಣ್ಣಾನ."

ಅವನೂ ಅದೇ ಮಾತು! ಮಂಚಮ್ಮನಿಗೆ ಮೈ ಉರಿದುಹೋಯಿತು. ಬೆಳಗಾಗುತ್ತಲೇ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಿ ಕಮಾಂಡರ್ ಚಿಕ್ಕಮಾದಯ್ಯನವರ ಮುಂದೆ ದೂರು ಹೇಳಿದಳು. ಅಪ್ಪನ ಹೆಸರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ.

ಚಿಕ್ಕಮಾದಯ್ಯ ಮಿಲಿಟರಿಯಲ್ಲಿದ್ದು ಬಂದವರು. ಮೀಸೆಯ ತುದಿ ಕಡಿಯುತ್ತಾ ಕೇಳಿಸಿಕೊಂಡರು.

"ಡ್ಯೂಟಿ ಮೇಲಿರೋ ಗಾರ್ಡಿಗೇ ಕತ್ತಿ ಅಡ್ಡ ಹಿಡಿದ್ನಾ? ಭಾನುವಾರ ಬರ್ಲಿ. ಬಾಯಿ ಬಿಟ್ರೆ ಸರಿ. ಇಲ್ದಿದ್ರೆ ಖಾಕಿ ಬಿಚ್ಚಿಡ್ಲಿ!"

ಆ ವಾರ ಪೇಟೆಯಲ್ಲಿ ಬೇರೆ ಮಾತೇ ಇರಲಿಲ್ಲ. ನರಬಲಿ ಅಂತೆ, ಶತ್ರುಗಳಿಗೆ ದೀಪ ತೋರಿಸ್ತಿದ್ರಂತೆ... ಕೇಳಲಾರದೆ ಮಂಚಮ್ಮ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ತಾನು ಊದಿದ್ದು ಒಂದು ಸೀಟಿ. ಊರು ಒಬ್ಬ ಮನುಷ್ಯನನ್ನೇ ಹರಿದು ತಿನ್ನುತ್ತಿತ್ತು.

"ಅರೇ ಮಂಚಿ, ದೂರು ಕೊಟ್ಟೋಳು ನೀನು. ಅಳೋಳೂ ನೀನೇನಾ?" ಎಂದಳು ಖುರ್ಷಿದ್.

"ನಾನ್ಯಾಕ್ ಅಳ್ಲಿ! ಕಣ್ಣಿಗೆ ಧೂಳು."

"ಹೂಂ ಹೂಂ. ಆ ಧೂಳಿನ ಹೆಸ್ರು ಮರಿಸ್ವಾಮಿ ಅಂತ!"

ಶನಿವಾರ ಸಂಜೆ ಅಂಗಡಿಯಿಂದ ಬಂದ ಚೆಲುವಯ್ಯ ಚಪ್ಪಲಿಯನ್ನೂ ಬಿಡದೆ ನಿಂತ.

"ಆ ಹುಡ್ಗನ ಖಾಕಿ ಕಿತ್ಕತಾರಂತೆ, ದಿಟವಾ?"

"ಬಾಯಿ ಬಿಡ್ದಿದ್ರೆ ಕಿತ್ಕತಾರೆ."

"ಅವ್ನು ಬಿಡಲ್ಲ ಕಣವ್ವ." ಚೆಲುವಯ್ಯ ಅಲ್ಲೇ ಕುಸಿದು ಕೂತ. "ಒಳಗಿನ್ ವಿಚಾರ ನಾನೂ ಏಳಲ್ಲ. ನಾನ್ಯಾಕ್ ಅಲ್ಲಿಗೋದೆ ಅನ್ನದ್ ಏಳ್ತೀನಿ, ಕೇಳು. ನಿಮ್ಮವ್ವ ತೀರ್ಕಂಡ್ಮೇಲೆ ನನ್ನ ಯಾರೂ ಎಸರಿಡಿದು ಕರೆದಿಲ್ಲ. ಪೇಟೆಲಿ ನಾನು ಅಕ್ಕಿ ಸಾವ್ಕಾರ, ಮನೇಲಿ ನಿಂಗೆ ಅಪ್ಪ. ಆ ಸಂಘಕ್ಕೆ ಸೇರ್ಕಂಡ್ಮೇಲೆ ಅಲ್ಲಿ ಆ ಡಾಕ್ಟ್ರೂ ಗೌಸ್ ಸಾಯೇಬ್ರೂ ನನ್ನ ಕೈ ಇಡ್ಕಂಡು ತಮ್ಮಾ ಚೆಲುವಯ್ಯ ಅಂದ್ರು. ಈ ವಯಸ್ನಾಗೆ ನಂಗೆ ಅಣ್ತಮ್ಮಂದ್ರು ಸಿಕ್ಕುದ್ರು ಮಗಾ..."

ಮಂಚಮ್ಮ ಬಗ್ಗಿ ಅಪ್ಪನ ಕಾಲಿನ ಚಪ್ಪಲಿ ಬಿಚ್ಚಿದಳು.

"ಮಗಳಿಗೆ ಏಳ್ಬುಟ್ಟು ಬನ್ನಿ ಅಂತ ಆ ಹುಡ್ಗ ಬಾಳ ಏಳ್ದ. ನಾನೇ ನಾಚ್ಕಂಡು ಏಳ್ಲಿಲ್ಲ. ಈಗ ಅವ್ನು ಕಾಪಾಡ್ತಿರದು ಗುಟ್ಟು ಒಂದ್ನೇ ಅಲ್ಲ, ನನ್ನ ಮಾನಾನೂವೆ."

'ದೇವರೇ... ನಾನೆಂಥ ಕೆಲಸ ಮಾಡಿಬಿಟ್ಟೆ!'

ಭಾನುವಾರ ಮೈದಾನದ ತುಂಬ ಖಾಕಿ. ಬೇಲಿಯಾಚೆ ಜನ. ಮರಿಸ್ವಾಮಿ ಎಲ್ಲರ ಮುಂದೆ ನೆಟ್ಟಗೆ ನಿಂತಿದ್ದ. ಕಣ್ಣು ಒಳಗೆ ಇಳಿದಿದ್ದವು.

"ಕೊನೇ ಸಲ ಕೇಳ್ತೀನಿ," ಚಿಕ್ಕಮಾದಯ್ಯ ಗುಡುಗಿದರು. "ಖಾಕಿ ಮುಂದೆಯೂ ಪ್ರಮಾಣ ಮಾಡಿದ್ದೀಯ, ಆ ಬಂಗಲೇಲೂ ಪ್ರಮಾಣ ಮಾಡಿದ್ದೀಯ. ಯಾವುದಯ್ಯಾ ದೊಡ್ಡದು?"

"ಎರಡಕ್ಕೂ ಮಾತು ಕೊಟ್ಟಿದೀನಿ ಸಾರ್. ಒಂದು ಮಾತು ತಪ್ಪಿದೋನು ಇನ್ನೊಂದಕ್ಕೆ ನಿಯತ್ತಾಗಿರ್ತಾನೆ ಅಂತ ನೀವಾದ್ರೂ ಹ್ಯಾಗೆ ನಂಬ್ತೀರಿ?"

"ಹಾಗಾದ್ರೆ ಬೆಲ್ಟು ಬಿಚ್ಚು."

ಅವನ ಕೈ ಸೊಂಟಕ್ಕೆ ಹೋಯಿತು. ಬೆರಳುಗಳು ಬಕ್ಕಲ್ಲನ್ನು ಬಿಡಿಸತೊಡಗಿದವು...

"ತಡೀರಿ ಸಾರ್!"

ಸಾಲು ಬಿಟ್ಟು ಓಡಿಬಂದಳು ಮಂಚಮ್ಮ.

"ಖಾಕಿ ಉಟ್ಕಂಡು ನಾನು ಅಲ್ಲಿಗೆ ಹೋಗಿದ್ದು ದೀಪ ಆರಿಸಕ್ಕೆ. ಆರಿಸಿ ಅಂದೆ, ಅವ್ರು ತಕ್ಷಣ ಆರಿಸಿದ್ರು. ಗಾರ್ಡಿನ ಮಾತಿಗೆ ಅವ್ರು ಎದುರಾಡಿಲ್ಲ. ಮಿಕ್ಕಿದ್ದೆಲ್ಲ ನಾನು ಮಗಳಾಗಿ ಕೇಳಿದ್ದು. ಅದಕ್ಕೆ ಉತ್ತರ ಹೇಳಿಲ್ಲ ಅಂತ ಖಾಕಿ ಕಿತ್ಕೊಳ್ಳೋದು ತಪ್ಪು. ದೂರು ಕೊಟ್ಟಿದ್ದೂ ನನ್ನದೇ ತಪ್ಪು!"

"ಮಗಳಾಗಿ? ಯಾರ ಮಗಳಾಗಿ? ಮತ್ತೆ ಆ ಹಗ್ಗ?"

ಮಂಚಮ್ಮ ತಲೆ ತಗ್ಗಿಸಿದಳು. ಈಗ ಬಾಯಿ ಬಿಡದವಳು ಅವಳು! ಮರಿಸ್ವಾಮಿ ಮೊದಲ ಸಲ ಅವಳ ಕಡೆ ತಿರುಗಿ ನೋಡಿದ.

ಬೇಲಿಯಾಚೆ ಜನರನ್ನು ಸರಿಸುತ್ತಾ ಯಾರೋ ಎಡಗಾಲು ಎಳೆದುಕೊಂಡು ಬಂದರು.

"ಅಗ್ಗ ನನ್ನ ಕತ್ನಾಗಿತ್ತು ಸ್ವಾಮಿ! ಅಕ್ಕಿ ಚೆಲುವಯ್ಯ ನಾನು. ಯಾರೂ ಎಳ್ಕಂಡೋಗಿಲ್ಲ, ನನ್ ಕಾಲ್ನಾಗೇ ನಡ್ಕಂಡೋಗಿದ್ದೆ. ನೋಡ್ಕಳಿ, ಗುಂಡಕಲ್ಲಂಗಿವ್ನಿ!"

"ಸಾವ್ಕಾರ್ರೇ, ಆ ಅಗ್ಗದಲ್ಲಿ ಅಕ್ಕಿ ಮೂಟೆ ಕಟ್ಬೋದಾ?" ಯಾರೋ ಕೂಗಿದರು. ಮೈದಾನವೆಲ್ಲ ಗೊಳ್ಳೆಂದಿತು. ಚೆಲುವಯ್ಯನ ಕಿವಿ ಕೆಂಪಾದವು. ಆದರೂ ಅವನು ಅಲ್ಲಿಂದ ಕದಲಲಿಲ್ಲ.

ಚಿಕ್ಕಮಾದಯ್ಯ ನಗು ಬಂದದ್ದನ್ನು ಮೀಸೆಯಲ್ಲಿ ಮುಚ್ಚಿಕೊಂಡರು.

"ಬೆಲ್ಟು ಇರ್ಲಿ ಕಣಯ್ಯಾ. ಆದ್ರೆ ಗಾರ್ಡಿಗೆ ಕತ್ತಿ ತೋರಿಸಿದ್ದಕ್ಕೆ ಮೈದಾನ ಸುತ್ತು. ಸಾಕು ಅನ್ನೋವರೆಗೂ! ಏನಮ್ಮ, ನಿನ್ನ ದೂರು. ಸಾಕು ಅನ್ನೋಳು ನೀನೇ."

ಅವನು ಅರ್ಧ ಸುತ್ತೂ ಓಡಿರಲಿಲ್ಲ. "ಸಾಕು!" ಎಂದು ಕೂಗಿಬಿಟ್ಟಳು. ಖುರ್ಷಿದ್ ಬಿದ್ದೂ ಬಿದ್ದೂ ನಕ್ಕಳು.

ಪರೇಡು ಮುಗಿದ ಮೇಲೆ ಅವಳು ನಾಲೆ ಏರಿಯ ಮೇಲೆ ಬಸ್ಸಿಗೆ ಹೊರಟಿದ್ದಳು. ಹಿಂದೆ ಸೈಕಲ್ ತಳ್ಳಿಕೊಂಡು ಅವನು ಬಂದ.

"ನನ್ನ ಕ್ಷಮಿಸ್ತೀರಾ ಸಾರ್?"

"ಒಳಗಿರೋದು ನಮ್ಮಪ್ಪ ಆಗಿದ್ರೆ ನಾನು ಸೀಟಿ ಊದ್ತಿರಲಿಲ್ಲ. ಬಾಗಿಲೇ ಮುರೀತಿದ್ದೆ." ಅವನು ಸೈಕಲ್ ನಿಲ್ಲಿಸಿದ. "ಮಂಚಮ್ಮ... ನಿಮ್ಮನ್ನ ಮದುವೆ ಆಗ್ಬೇಕು ಅಂತ ಬಹಳ ದಿನದಿಂದ ಆಸೆ. ಇನ್ನು ಕೇಳೋ ಯೋಗ್ಯತೆ ಇಲ್ಲ ಅಂದ್ಕೊಂಡಿದ್ದೆ."

ಅವಳ ಕಣ್ಣು ತುಂಬಿಬಂತು. ಆದರೂ ತಡೆದು ಕೇಳಿದಳು.

"ಮದುವೆ ಆದ್ಮೇಲೂ ನಂಗೆ ಹೇಳದೇ ಇರೋದು ನಿಮ್ಮ ಹತ್ರ ಇರ್ತದಾ?"

"ಇರ್ತದೆ. ಒಂದು ಕೋಣೆಯಷ್ಟು. ಸುಳ್ಳು ಹೇಳಲ್ಲ ನಿಮಗೆ."

ಮಂಚಮ್ಮ ನಾಲೆಯ ನೀರನ್ನು ನೋಡುತ್ತಾ ನಿಂತಳು. ಅವನ ಮುಖ ಬಿಳಿಚಿಕೊಳ್ಳತೊಡಗಿತು.

"ಆಗಲಿ," ಎಂದಳು ಕೊನೆಗೆ. "ಹಂಗಾದ್ರೆ ನಂಗೂ ಒಂದಿರ್ಲಿ."

"ಏನದು?"

"ಪಟ್ಟಿ ಕಟ್ಟೋದು ಕಲಿಸಿದ್ರಲ್ಲ, ಆ ದಿನದ್ದು. ಹೇಳಲ್ಲ."

ಅವನು ಅವಳನ್ನೇ ದಿಟ್ಟಿಸಿ ನೋಡಿದ. ಮುಖವೆಲ್ಲ ಅರಳಿತು.

"ಸರಿ, ಕೇಳಲ್ಲ."

"ಅಯ್ಯೋ, ಕೇಳಿ ಸಾರ್!" ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. "ದಿನಾ ಕೇಳ್ತಿರಿ..."